ಮೂರು ಸಲ ಎತ್ತಿದ ಚೀಟಿ

ಅವರನ್ನು ಸುಮಾ ಎನ್ನೋಣ. ಹೆಸರು, ಕೆಲಸ, ಊರು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ. ವಯಸ್ಸು ನಲವತ್ತರ ಆಸುಪಾಸು. ಮಲೆನಾಡಿನ ಹಳ್ಳಿಯವರು, ಈಗ ಶಿವಮೊಗ್ಗದಲ್ಲಿ ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತಾರೆ.

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದ ಮೊದಲ ದಿನ ಅವರು ತಮ್ಮ ಬಗ್ಗೆ ಹೇಳಲೇ ಇಲ್ಲ. "ಮಗನಿಗೆ ರಾತ್ರಿ ನಿದ್ದೆ ಬರ್ತಿಲ್ಲ ಮೇಡಂ" ಎಂದರು. ಒಂಬತ್ತು ವರ್ಷದ ಹುಡುಗ. ಹಿಂದಿನ ವಾರ ಅಮ್ಮನನ್ನು ಕೇಳಿದ್ದನಂತೆ, "ನಾನು ತಪ್ಪು ಚೀಟಿ ಎತ್ತಿದ್ರೆ ಅಪ್ಪನಿಗೆ ಏನಾದ್ರೂ ಆಗುತ್ತಾ?"

ಯಾವ ಚೀಟಿ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳತೊಡಗಿದರು.

ಎರಡು ವರ್ಷದ ಹಿಂದೆ ಗಂಡನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿದ್ದರು. ಅವರು ಐಸಿಯುನಲ್ಲಿದ್ದಾಗ ಮಾವ ಊರಿನ ದೇವಸ್ಥಾನದಲ್ಲಿ ಪ್ರಸಾದ ಕೇಳಿಸಿದರು. ಆ ಕಡೆ ಇದು ಹೊಸದೇನಲ್ಲ. ವಿಗ್ರಹಕ್ಕೆ ಹೂವು ಹಚ್ಚಿ ಕಾಯುತ್ತಾರೆ. ಬಲಗಡೆಯದು ಬಿದ್ದರೆ ಒಳ್ಳೆಯದು, ಎಡಗಡೆಯದು ಬಿದ್ದರೆ ಅಪ್ಪಣೆ ಇಲ್ಲ. ಬಲಗಡೆಯದೇ ಬಿತ್ತು. ಗಂಡ ಮನೆಗೆ ಬಂದರು. ಅಲ್ಲಿಗೇ ನಿಂತಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಪ್ರತಿ ಸಲ ಊರಿಗೆ ಹೋಗಲು ಆಗುತ್ತಾ? ಸುಮಾ ಮನೆಯಲ್ಲೇ ದೇವರ ಮುಂದೆ ಎರಡು ಚೀಟಿ ಇಡಲು ಶುರು ಮಾಡಿದರು. ಒಂದರಲ್ಲಿ 'ಹೌದು', ಇನ್ನೊಂದರಲ್ಲಿ 'ಬೇಡ'. ಎತ್ತುವವನು ಮಗ, ಮಕ್ಕಳ ಕೈಯಲ್ಲಿ ಮೋಸ ಇರುವುದಿಲ್ಲ ಅಂತ. ಮೊದಮೊದಲು ದೊಡ್ಡ ವಿಷಯಕ್ಕೆ ಮಾತ್ರ. ಆಮೇಲೆ ಗಂಡ ಬೈಕಿನಲ್ಲಿ ಹೋಗಬಹುದಾ, ಮದುವೆ ಊಟ ಮಾಡಬಹುದಾ ಎನ್ನುವುದಕ್ಕೂ. 'ಬೇಡ' ಬಂದರೆ ಕೈ ನಡುಗುತ್ತಿತ್ತು. ಸರಿ, ಇನ್ನೊಂದು ಸಲ. ಮೂರು ಸಲದ ತನಕ. ಸಾಲದ್ದಕ್ಕೆ ಹಲ್ಲಿ ಲೊಚಗುಟ್ಟಿದ್ದು, ದಾರಿಯಲ್ಲಿ ಕಂಡ ಗಾಡಿ ನಂಬರ್ ಕೂಡಿಸಿದರೆ ಸಮ ಬಂತಾ ಬೆಸ ಬಂತಾ, ಎಲ್ಲವೂ ಉತ್ತರವೇ.

ಮಾತಿನ ನಡುವೆ ಒಂದು ವಿಷಯ ಹೊರಬಿತ್ತು. ಗಂಡನ ಹೃದಯದ ಚೆಕಪ್ ಎರಡು ಸಲ ಮುಂದೆ ಹೋಗಿತ್ತು. ಎರಡು ಸಲವೂ ಮೂರಕ್ಕೆ ಮೂರು 'ಬೇಡ' ಬಂದಿತ್ತಂತೆ.

ನಾನು ಸಾಮಾನ್ಯವಾಗಿ ಮೊದಲ ಭೇಟಿಯಲ್ಲಿ ಇದು ಮಾಡಿ, ಅದು ಬಿಡಿ ಎನ್ನುವುದಿಲ್ಲ. ಅವತ್ತು ಹೇಳಿದೆ. ಮಾತ್ರೆ, ಚೆಕಪ್, ಆಸ್ಪತ್ರೆ ಈ ಮೂರು ಚೀಟಿಗೆ ಹೋಗಬಾರದು. ಸ್ಟೆಂಟ್ ಹಾಕಿದವರು ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಬಿಟ್ಟರೆ ಜೀವಕ್ಕೇ ಅಪಾಯ. ಮಾತ್ರೆ ಮಾತ್ರ ಬಿಟ್ಟಿಲ್ಲ ಎಂದರು. ಉಸಿರು ಬಂತು ನನಗೆ.

ಮುಂದಿನ ಭೇಟಿಯಲ್ಲಿ, ಹೇಗೂ ಲೆಕ್ಕದವರಲ್ವಾ ಎಂದು ಕಾಗದದ ಮೇಲೆ ಒಂದು ಲೆಕ್ಕ ಹಾಕಿಸಿದೆ. 'ಹೌದು' ಬರುವ ತನಕ ಮೂರು ಸಲ ಎತ್ತಿದರೆ, 'ಹೌದು' ಸಿಗುವ ಸಾಧ್ಯತೆ 8ರಲ್ಲಿ 7. ಅವರು ನಕ್ಕರು. "ಹಾಗಾದ್ರೆ ಬೇಡ ಅನ್ನೋಕೆ ದೇವರಿಗೆ ನಾನು ಜಾಗನೇ ಬಿಟ್ಟಿಲ್ಲ!" ನನಗೂ ಖುಷಿಯಾಯಿತು, ಜಾಣತನ ಕೆಲಸ ಮಾಡಿತು ಅಂತ. ಮನೆಗೆ ಹೋಗಿ ಅವತ್ತು ಸಂಜೆಯೇ ಚೀಟಿ ಹಾಕಿದರು. ಭಯಕ್ಕೆ ಗಣಿತ ಬರುವುದಿಲ್ಲ.

ದೇವರು ಇದ್ದಾನೋ ಇಲ್ಲವೋ ಹೇಳುವುದು ನನ್ನ ಕೆಲಸವಲ್ಲ. ಅವರ ನಂಬಿಕೆ ಕಿತ್ತುಕೊಳ್ಳುವ ಉದ್ದೇಶವೂ ಇರಲಿಲ್ಲ. ಆದರೆ ನನಗೊಂದು ಅನುಮಾನ. ಇಷ್ಟು ಕೇಳುವ ಇವರು ದೇವರ ಜೊತೆ ಮಾತಾಡುವುದನ್ನೇ ಬಿಟ್ಟಿದ್ದಾರಾ? "ನಿಮ್ಮಮ್ಮ ದೇವರ ಹತ್ರ ಏನು ಕೇಳ್ತಿದ್ರು?" ಎಂದೆ.

ತುಂಬಾ ಯೋಚಿಸಿದರು. "ಏನೂ ಕೇಳ್ತಿರಲಿಲ್ಲ. ಸಂಜೆ ದೀಪ ಹಚ್ಚಿ ಸುದ್ದಿ ಹೇಳ್ತಿದ್ರು. ಇವತ್ತು ಹಾಲು ಒಡೀತು ಕಣಪ್ಪ, ತೋಟಕ್ಕೆ ಮಂಗ ನುಗ್ಗಿತ್ತು ಅಂತ." ಹೇಳುತ್ತಾ ಅತ್ತರು. ಅಪ್ಪ ತೀರಿಕೊಂಡ ವರ್ಷವೂ ಅಮ್ಮ ಆ ದೀಪ ನಿಲ್ಲಿಸಲಿಲ್ಲವಂತೆ.

ನಾನು ಕೊಟ್ಟ ಮನೆಗೆಲಸ ಅಲ್ಲಿಂದಲೇ ಬಂತು. ದಿನಾ ಸಂಜೆ ದೀಪ ಹಚ್ಚಿ ಐದು ನಿಮಿಷ ಮಾತಾಡಿ, ಪ್ರಶ್ನೆ ಇಲ್ಲದೆ. 'ಇವರಿಗೆ ಏನಾದ್ರೂ ಆಗುತ್ತಾ' ಎನ್ನುವ ಬದಲು 'ಇವತ್ತು ನಂಗೆ ಹೆದರಿಕೆ ಆಯ್ತು' ಎನ್ನಿ. ಉತ್ತರಕ್ಕೆ ಕಾಯಬೇಡಿ, ಎದ್ದು ಅಡುಗೆ ಮನೆಗೆ ಹೋಗಿ.

ಚೀಟಿ ಹಾಕಬೇಕು ಅನಿಸಿದಾಗ ಮೊದಲ ವಾರ ಹದಿನೈದು ನಿಮಿಷ ತಡೆಯುವುದು, ಆಮೇಲೆ ಅರ್ಧ ಗಂಟೆ, ಆಮೇಲೆ ಅವತ್ತಿಗೆ ಇಲ್ಲವೇ ಇಲ್ಲ. ಆತಂಕ ಅಲೆಯ ಹಾಗೆ, ಏರಿ ತಾನಾಗಿ ಇಳಿಯುತ್ತದೆ. ಚೀಟಿ ಎತ್ತಿದರೆ ಆ ಇಳಿಯುವುದನ್ನು ನೋಡಲು ಸಿಗುವುದೇ ಇಲ್ಲ. ಮನಸ್ಸು ಚೀಟಿಯಿಂದಲೇ ಸಮಾಧಾನವಾಯಿತು ಎಂದು ಕಲಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ಕೇಳುತ್ತದೆ. ಇದರಲ್ಲಿ ಗೀಳಿನ ಲಕ್ಷಣಗಳಿದ್ದವು, ಹಾಗಾಗಿ ಮನೋವೈದ್ಯರ ಹತ್ತಿರವೂ ಕಳಿಸಿದೆ. ಅವರು ಕೊಟ್ಟ ಮಾತ್ರೆಯಿಂದ ಸುಮಾ ಅವರ ನಿದ್ದೆ ಸರಿಯಾಯಿತು. ನಿಮ್ಮ ಮನೆಯಲ್ಲೂ ಹೀಗೇ ಇದ್ದು ಯಾರನ್ನು ಕೇಳುವುದು ಗೊತ್ತಾಗದಿದ್ದರೆ, ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮಗನಿಗೆ ಅಮ್ಮನೇ ಹೇಳಬೇಕು ಎಂದಿದ್ದೆ. ಹೇಳಿದರು. "ಅಪ್ಪನ್ನ ನೋಡ್ಕೊಳ್ಳೋದು ನಿನ್ನ ಕೈಯಲ್ಲಿ ಇಲ್ಲ ಪುಟ್ಟ. ಅದು ಅಮ್ಮನ ಭಯ, ನಿನ್ನ ತಪ್ಪಲ್ಲ." ಚೀಟಿ ಇಡುತ್ತಿದ್ದ ಹಿತ್ತಾಳೆ ಬಟ್ಟಲಲ್ಲಿ ಈಗ ಅವನ ಗೋಲಿಗಳಿವೆ.

ಪೂರ್ತಿ ವಾಸಿಯಾಗಿದೆ ಎನ್ನಲಾರೆ. ದೀಪಾವಳಿಗೆ ಸೀರೆ ಬಣ್ಣಕ್ಕೆ ಚೀಟಿ ಹಾಕಿದ್ದರು, ಇದು ತಪ್ಪಾ ಎಂದು ಕೇಳಿದರು. ಸದ್ಯಕ್ಕೆ ಅದೂ ಬೇಡ ಎಂದೆ. ಸ್ವಲ್ಪ ಮುನಿಸು ಬಂತು ಅವರಿಗೆ.

ನಾಲ್ಕು ತಿಂಗಳಾದ ಮೇಲೆ ಗಂಡನ ಚೆಕಪ್ ದಿನ ಆಸ್ಪತ್ರೆಯ ಹೊರಗಿಂದ ಫೋನ್ ಮಾಡಿದರು. ರಿಪೋರ್ಟ್ ಇನ್ನೂ ಬಂದಿರಲಿಲ್ಲ. ಎದುರಿಗೆ ಒಂದು ಆಟೋ ನಿಂತಿದೆ, ನಂಬರ್ ಕಣ್ಣಿಗೆ ಬಿತ್ತು ಎಂದರು.

"ಆಮೇಲೆ?" ಎಂದೆ.

"ನೋಡಿದೆ ಮೇಡಂ. ಕೂಡಿಸಲಿಲ್ಲ. ಕ್ಯಾಂಟೀನಿಗೆ ಹೋಗ್ತಿದೀನಿ, ಇವರಿಗೆ ಇಡ್ಲಿ ತರೋಕೆ."