ಫಿಲ್ಮ್ ಹಾಕಿಸಿದ ಗಾಜಿಗೆ ಡ್ಯಾಶ್‌ಕ್ಯಾಮ್: ಎಷ್ಟು ದಿನ ಕಾಯಬೇಕು?

ಪ್ರಶ್ನೆ: ಸರ್, ನಾನು ಕಲಬುರಗಿಯವನು. ಬಿಸಿಲು ತಾಳಲಾರದೆ ನಾಲ್ಕು ದಿನಗಳ ಹಿಂದೆ ಕಾರಿನ ಮುಂದಿನ ಗಾಜಿಗೂ ಪಕ್ಕದ ಗಾಜುಗಳಿಗೂ ಶಾಖ ತಡೆಯುವ ತಿಳಿ ಬಣ್ಣದ ಫಿಲ್ಮ್ ಹಾಕಿಸಿದ್ದೇನೆ. ಹಳೆಯ ಫಾಸ್ಟ್ಯಾಗ್ ಕೀಳಬೇಕಾಯಿತು. ಹೊಸ ಫಾಸ್ಟ್ಯಾಗ್, ಡ್ಯಾಶ್‌ಕ್ಯಾಮ್ ಮತ್ತು ಮೊಬೈಲ್ ಸ್ಟ್ಯಾಂಡನ್ನು ಈಗಲೇ ಅಂಟಿಸಬಹುದೇ? ಈ ವಾರವೇ ಹೈದರಾಬಾದಿಗೆ ಹೋಗಬೇಕಿದೆ.

ಉತ್ತರ: ಫಾಸ್ಟ್ಯಾಗ್ ಅಂಟಿಸಿ, ಉಳಿದೆರಡನ್ನು ತಡೆಯಿರಿ. ಫಿಲ್ಮನ್ನು ಸೋಪಿನ ನೀರು ಸಿಂಪಡಿಸಿ ಗಾಜಿನ ಒಳಮೈಗೆ ಕೂರಿಸುತ್ತಾರೆ. ರಬ್ಬರ್ ಪಟ್ಟಿಯಿಂದ ಎಷ್ಟೇ ಒತ್ತಿ ತೆಗೆದರೂ ಒಂದಿಷ್ಟು ನೀರು ಒಳಗೇ ಉಳಿದು, ಫಿಲ್ಮಿನ ಮೂಲಕವೇ ಮೆಲ್ಲಗೆ ಆವಿಯಾಗಿ ಹೋಗಬೇಕು. ಅಲ್ಲಿಯವರೆಗೆ ಫಿಲ್ಮಿನ ಅಂಟು ಪೂರ್ತಿ ಹಿಡಿದಿರುವುದಿಲ್ಲ. ನಮ್ಮ ಏಪ್ರಿಲ್‌–ಮೇ ಬಿಸಿಲಿನಲ್ಲಿ ಕಾರನ್ನು ಹೊರಗೆ ನಿಲ್ಲಿಸಿದರೆ ಸಾಮಾನ್ಯವಾಗಿ ಒಂದು ವಾರದಲ್ಲಿ ಒಣಗುತ್ತದೆ. ಮಳೆಗಾಲದಲ್ಲಾಗಲೀ ಬೀದರಿನ ಡಿಸೆಂಬರ್ ಚಳಿಯಲ್ಲಾಗಲೀ ತಿಂಗಳವರೆಗೂ ಎಳೆಯಬಹುದು. ದಿನ ಎಣಿಸುವುದಕ್ಕಿಂತ ಗಾಜನ್ನೇ ನೋಡುವುದು ಮೇಲು. ಬೆಳಗಿನ ಬಿಸಿಲಿನಲ್ಲಿ ಹೊರಗಿನಿಂದ ಓರೆಯಾಗಿ ನೋಡಿದಾಗ ಹಾಲಿನಂಥ ಮಸುಕೋ ಸಾಸಿವೆ ಕಾಳಿನಷ್ಟು ನೀರಿನ ಗುಳ್ಳೆಗಳೋ ಕಂಡರೆ ಇನ್ನೂ ಕಾಯಬೇಕು.

ಮೂರರಲ್ಲಿ ನನಗೆ ಹೆಚ್ಚು ಭಯವಿರುವುದು ಮೊಬೈಲ್ ಸ್ಟ್ಯಾಂಡಿನದು. ಅದರ ರಬ್ಬರ್ ಬಟ್ಟಲು ಗಾಳಿಯನ್ನು ಹೀರಿ ನಿಲ್ಲುವುದರಿಂದ ಫಿಲ್ಮಿನ ನಡುಭಾಗವನ್ನು ಸದಾ ಒಳಕ್ಕೆ ಎಳೆಯುತ್ತಿರುತ್ತದೆ. ಹಸಿ ಫಿಲ್ಮಿನ ಮೇಲೆ ಒಂದು ಮಧ್ಯಾಹ್ನ ಇಟ್ಟು ತೆಗೆದರೆ ಬಟ್ಟಲಿನಷ್ಟೇ ಅಗಲದ ಬಿಳಿ ಬಳೆಯೊಂದು ಅಲ್ಲಿ ಉಳಿದುಬಿಡುತ್ತದೆ, ಅದನ್ನು ಒತ್ತಿ ಸರಿಮಾಡಲು ಬರುವುದಿಲ್ಲ. ಎ.ಸಿ. ಕಿಂಡಿಗೆ ಸಿಕ್ಕಿಸುವ ಸ್ಟ್ಯಾಂಡ್ ಕೊಂಡರೆ ಈ ತಂಟೆಯೇ ಇಲ್ಲ.

ಡ್ಯಾಶ್‌ಕ್ಯಾಮನ್ನು ಡಬಲ್ ಸೈಡ್ ಟೇಪಿನಿಂದ ಕೂರಿಸುವಾಗ ಒಂದು ಮಾತು ನೆನಪಿರಲಿ: ಟೇಪು ಹಿಡಿಯುವುದು ಫಿಲ್ಮನ್ನು, ಗಾಜನ್ನಲ್ಲ. ಆದ್ದರಿಂದ ಮುಂದೆ ಕ್ಯಾಮೆರಾ ಕೀಳುವಾಗ ಫಿಲ್ಮೂ ಜೊತೆಗೆ ಎದ್ದು ಬರುವ ಸಂಭವವಿದೆ. ಕೆಲವು ಕ್ಯಾಮೆರಾಗಳೊಂದಿಗೆ ಬರುವ, ಅಂಟಿಲ್ಲದೆ ತಾನಾಗಿಯೇ ಕಚ್ಚಿಕೊಳ್ಳುವ ತೆಳುವಾದ ಸ್ಟ್ಯಾಟಿಕ್ ಹಾಳೆಯನ್ನು ಮೊದಲು ಫಿಲ್ಮಿನ ಮೇಲೆ ಕೂರಿಸಿ ಅದರ ಮೇಲೆ ಟೇಪು ಹಚ್ಚಿದರೆ ಈ ಅಪಾಯ ತಪ್ಪುತ್ತದೆ. ಕನ್ನಡಿಯ ಹಿಂದಿನ ಕಪ್ಪು ಚುಕ್ಕಿಗಳ ಭಾಗ ಕಣ್ಣಿಗೆ ಮರೆಯಾಗಿ ಒಳ್ಳೆಯ ಜಾಗವೆನಿಸಿದರೂ ಅಲ್ಲಿ ಮೈ ಉಬ್ಬುತಗ್ಗಾಗಿರುವುದರಿಂದ ಫಿಲ್ಮ್ ಸರಿಯಾಗಿ ಹಿಡಿಯುವುದಿಲ್ಲ. ಅದರ ಪಕ್ಕದ ನುಣುಪು ಗಾಜೇ ಲೇಸು. ಹಚ್ಚುವ ಮುನ್ನ ಅಮೋನಿಯಾ ಇರುವ ಗ್ಲಾಸ್ ಕ್ಲೀನರ್ ಬಳಸಬೇಡಿ, ಅದು ಫಿಲ್ಮನ್ನು ಕೆಡಿಸುತ್ತದೆ. ಮಧ್ಯಾಹ್ನ ಕಾದ ಗಾಜಿಗೂ ಬೇಡ. ಬೆಳಿಗ್ಗೆ ನೆರಳಿನಲ್ಲಿ ಅಂಟಿಸಿ, ಒಂದು ದಿನ ಬಿಟ್ಟು ಕ್ಯಾಮೆರಾ ತೂಗುಹಾಕಿ. ತಂತಿಯನ್ನು ಮುಂದಿನ ಗಾಜಿನ ಪಕ್ಕದ ಕಂಬದೊಳಗೆ ತೂರಿಸುವವರು ಅಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಮುಂದೆ ತಂತಿ ಹಾಯದಂತೆ ನೋಡಿಕೊಳ್ಳಲಿ.

ಫಾಸ್ಟ್ಯಾಗ್ ಹಗುರ, ಹಾಗಾಗಿ ಫಿಲ್ಮನ್ನು ಎಳೆಯುವುದಿಲ್ಲ. ಕನ್ನಡಿಯ ಹಿಂದೆ ಮೃದುವಾಗಿ ಒತ್ತಿ ಅಂಟಿಸಿದರೆ ಸಾಕು. ಗಾಜಿಗೆ ಅಂಟಿಸದೆ ಕೈಯಲ್ಲಿ ಹಿಡಿದು ತೋರಿಸುವ ಫಾಸ್ಟ್ಯಾಗನ್ನು ಕಪ್ಪುಪಟ್ಟಿಗೆ ಸೇರಿಸುವುದಾಗಿ ಹೆದ್ದಾರಿ ಪ್ರಾಧಿಕಾರವು 2025ರ ಜುಲೈಯಲ್ಲಿ ಪ್ರಕಟಿಸಿರುವುದರಿಂದ ಹಾಗೆ ಒಯ್ಯುವುದು ಸರಿಯಲ್ಲ. ಆದರೆ ಫಿಲ್ಮಿನಲ್ಲಿ ಲೋಹದ ಪದರ ಇದೆಯೇ ಎಂದು ಅಂಗಡಿಯವರನ್ನು ಕೇಳಿ. ಲೋಹವಿದ್ದರೆ ಟೋಲ್ ಯಂತ್ರದ ರೇಡಿಯೊ ಅಲೆಗೂ ಡ್ಯಾಶ್‌ಕ್ಯಾಮಿನ ಜಿಪಿಎಸ್‌ಗೂ ಅಡ್ಡಿಯಾಗಬಹುದು. ಲೋಹವಿಲ್ಲದ ಸೆರಾಮಿಕ್ ಫಿಲ್ಮಿನಲ್ಲಿ ಈ ತೊಂದರೆ ಇಲ್ಲ. ಅಡ್ಡಿಯಾಗುವುದಾದರೆ ಟ್ಯಾಗ್ ಕೂರುವಷ್ಟು ಜಾಗದ ಫಿಲ್ಮನ್ನು ಹಾಕಿದವರಿಂದಲೇ ಕತ್ತರಿಸಿ ತೆಗೆಸಿ. ಹಾಗೆಯೇ, ನಿಯಮದಂತೆ ಮುಂದಿನ ಗಾಜಿನಲ್ಲಿ ಶೇ 70ರಷ್ಟು ಬೆಳಕು ಹಾಯಬೇಕು. ಈ ಲೆಕ್ಕ ಗಾಜು ಮತ್ತು ಫಿಲ್ಮ್ ಎರಡೂ ಸೇರಿದ್ದು, ಬರೀ ಫಿಲ್ಮಿನದ್ದಲ್ಲ ಎಂಬುದನ್ನು ಅಂಗಡಿಯವರು ಹೇಳದೇ ಇರಬಹುದು.

ಮುಂದೆಂದಾದರೂ ಕ್ಯಾಮೆರಾ ತೆಗೆಯುವಾಗ ಬ್ಲೇಡು ಹಚ್ಚಬೇಡಿ. ಟೇಪನ್ನು ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ನೈಲಾನ್ ದಾರವನ್ನು ಅದರ ಹಿಂದೆ ತೂರಿಸಿ ಗರಗಸದಂತೆ ಆಚೀಚೆ ಎಳೆಯಿರಿ.