ಹಿರಿಯರ ಮನೆಯ ದುರಸ್ತಿಯಲ್ಲಿ ಬಂಧುಗಳಿಗೆ ಯಾವ ಕೆಲಸ ಒಪ್ಪಿಸಬಹುದು?

ತಾತ ಕಟ್ಟಿಸಿದ ಮನೆಯನ್ನು ಕೆಡವದೆ ದುರಸ್ತಿ ಮಾಡಿಸಬೇಕೆಂದಿದ್ದೇವೆ, ಚಿಕ್ಕಪ್ಪ, ಸೋದರತ್ತೆ ಮತ್ತು ಅವರ ಮಕ್ಕಳೆಲ್ಲ ರಜೆಯಲ್ಲಿ ಬಂದು ಕೈಜೋಡಿಸುತ್ತೇವೆ ಎಂದಿದ್ದಾರೆ ಎಂದು ಬರೆದಿದ್ದೀರಿ. ಎಲ್ಲಿಂದ ಆರಂಭಿಸಬೇಕು, ಅವರಿಗೆ ಯಾವ ಕೆಲಸ ಒಪ್ಪಿಸಬಹುದು, ವಿದ್ಯುತ್ ಕೆಲಸ ಬಲ್ಲ ಚಿಕ್ಕಪ್ಪನ ಮಗನಿಗೆ ಹಣ ಕೊಡಬೇಕೇ ಎಂಬುದು ನಿಮ್ಮ ಪ್ರಶ್ನೆ. ನಮ್ಮ ಕುಟುಂಬದ ಹಳೆಯ ಮನೆಯನ್ನು ನಾವೂ ಹೀಗೆಯೇ ಬಂಧುಗಳ ನೆರವಿನಿಂದ ಉಳಿಸಿಕೊಂಡೆವು. ಆ ಅನುಭವದಿಂದ ನಾನು ಕಂಡುಕೊಂಡ ನಿಯಮ ಒಂದೇ: ಕೈತಪ್ಪಿದರೂ ಮತ್ತೆ ಸರಿಪಡಿಸಬಹುದಾದ ಕೆಲಸವೆಲ್ಲ ಬಂಧುಗಳದು, ಕೈತಪ್ಪಿದರೆ ಜೀವಕ್ಕೋ ಮನೆಗೋ ಕುತ್ತು ತರುವ ಕೆಲಸ ಕಸುಬುದಾರರದು. ಈ ಗೆರೆಯನ್ನು ಮೊದಲ ದಿನವೇ ಎಳೆದು ಎಲ್ಲರಿಗೂ ತಿಳಿಸಿದರೆ ಮುಂದಿನ ಬಹುಪಾಲು ತೊಡಕುಗಳು ಹುಟ್ಟುವುದೇ ಇಲ್ಲ.

ಹಾರೆ ಹಿಡಿಯುವ ಮೊದಲು ಒಂದು ಕಾಗದ ಆಗಬೇಕು. ಮನೆ ಯಾರ ಹೆಸರಿನಲ್ಲಿದೆ, ಯಾರಿಗೆ ಎಷ್ಟು ಪಾಲಿದೆ, ದುರಸ್ತಿಯ ನಂತರ ಅಲ್ಲಿ ಯಾರು ವಾಸಿಸುತ್ತಾರೆ, ಹಣ ಕೊಡುವವರು ಅದನ್ನು ಉಡುಗೊರೆಯಾಗಿ ಕೊಡುತ್ತಿದ್ದಾರೋ ಕೈಗಡವಾಗಿ ಕೊಡುತ್ತಿದ್ದಾರೋ ಅಥವಾ ತಮ್ಮ ಪಾಲಿನ ಲೆಕ್ಕದಲ್ಲಿ ಹಾಕುತ್ತಿದ್ದಾರೋ ಎಂಬುದನ್ನೆಲ್ಲ ಬರೆದು, ಪಾಲುದಾರರೆಲ್ಲರೂ ಸಹಿ ಮಾಡಬೇಕು. ನಮ್ಮ ನಮ್ಮಲ್ಲಿ ಇದೆಲ್ಲ ಏಕೆ ಎಂದು ಹಿರಿಯರು ಬೇಸರಪಟ್ಟುಕೊಳ್ಳಬಹುದು. ಆದರೂ ಬರೆಯಿರಿ. ಪ್ರೀತಿಯಿಂದ ಕೊಟ್ಟ ದುಡಿಮೆಗೂ ಕಾಲಾಂತರದಲ್ಲಿ ಹಕ್ಕಿನ ಬಣ್ಣ ಬರುತ್ತದೆ, ಮತ್ತು ಅದು ಬರುವುದು ಸಾಮಾನ್ಯವಾಗಿ ದುಡಿದವರ ಮನಸ್ಸಿನಲ್ಲಲ್ಲ, ಅವರ ಮಕ್ಕಳ ಮನಸ್ಸಿನಲ್ಲಿ. ಗೋಡೆ ತೆಗೆಯುವುದು, ಅಂತಸ್ತು ಏರಿಸುವುದು, ಮುಂಭಾಗ ಬದಲಿಸುವುದು ಇಂಥ ಕೆಲಸಗಳಿಗೆ ಸ್ಥಳೀಯ ಆಡಳಿತದ ಅನುಮತಿ ಬೇಕಾಗುವುದುಂಟು. ಅದನ್ನೂ ಈ ಹಂತದಲ್ಲಿಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಬಂಧುಗಳು ಕೊಡಬಹುದಾದ ಅತ್ಯಂತ ಬೆಲೆಬಾಳುವ ನೆರವು ತೋಳ್ಬಲವಲ್ಲ, ನೆನಪು. ಇದನ್ನು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ದುರಸ್ತಿಗೆ ಇಳಿಯುವವರಲ್ಲಿ ಹೆಚ್ಚಿನವರು ಇದನ್ನು ಕೇಳಿಯೇ ಪಡೆಯುವುದಿಲ್ಲ. ನಮ್ಮ ನಡುಮನೆಯ ಒಂದು ಗೋಡೆ ನೆಲದಿಂದ ಎರಡು ಅಡಿ ಎತ್ತರದವರೆಗೆ ಸದಾ ಒದ್ದೆಯಾಗಿರುತ್ತಿತ್ತು. ನೋಡಲು ಬಂದ ಮೇಸ್ತ್ರಿ, ಹಳೆಯ ಗಿಲಾವನ್ನು ಕಿತ್ತು ಸಿಮೆಂಟು ಬಳಿದುಬಿಡೋಣ ಎಂದರು. ಆದರೆ ಆ ಮನೆಯಲ್ಲಿ ಹುಟ್ಟಿ ಬೆಳೆದ ನನ್ನ ಸೋದರತ್ತೆ ಗೋಡೆಯನ್ನು ಕೈಯಿಂದ ಸವರಿ ನೋಡಿ, ಇದರ ಆಚೆಗೆ ಹಿಂದೆ ಬಚ್ಚಲಿತ್ತೆಂದೂ, ಬಚ್ಚಲನ್ನು ಬೇರೆ ಕಡೆಗೆ ಸಾಗಿಸಿದಾಗ ಮೋರಿಯನ್ನು ಕೀಳದೆ ಮೇಲೆ ಚಪ್ಪಡಿ ಎಳೆದು ಮಣ್ಣು ಮುಚ್ಚಿದರೆಂದೂ ಹೇಳಿದರು. ಅವರು ತೋರಿಸಿದ ಜಾಗದಲ್ಲಿ ಅಗೆದಾಗ ಒಂದು ಮೊಳದ ಆಳದಲ್ಲಿ ಚಪ್ಪಡಿ ಸಿಕ್ಕಿತು. ಅದನ್ನು ಎತ್ತಿದರೆ ಒಳಗೆ ಕಪ್ಪು ಕೆಸರು, ಅದರ ಮೇಲೆ ನಿಂತ ನೀರು. ಮಾಡಿನಿಂದ ಸುರಿದ ಮಳೆನೀರೆಲ್ಲ ಆ ಕುರುಡು ಮೋರಿಗೆ ಸೇರಿ, ಹೊರದಾರಿಯಿಲ್ಲದೆ ಪಾಯದೊಳಕ್ಕೆ ಇಳಿಯುತ್ತಿತ್ತು. ಮೋರಿಯನ್ನು ಶುಚಿಗೊಳಿಸಿ ನೀರಿಗೆ ದಾರಿ ಮಾಡಿಕೊಟ್ಟ ಮೇಲೆ ಗೋಡೆ ತಾನಾಗಿಯೇ ಒಣಗತೊಡಗಿತು. ಆದ್ದರಿಂದ ಆ ಮನೆಯಲ್ಲಿ ಬಾಳಿದ ಹಿರಿಯರನ್ನೆಲ್ಲ ಕರೆದು, ಕೋಣೆಯಿಂದ ಕೋಣೆಗೆ ನಿಧಾನವಾಗಿ ನಡೆಸಿ, ಯಾವ ಗೋಡೆ ನಂತರ ಕಟ್ಟಿದ್ದು, ಮಾಡಿನ ಯಾವ ಭಾಗವನ್ನು ಯಾವಾಗ ಬದಲಿಸಿದ್ದು, ಎಲ್ಲಿ ಸೋರುತ್ತಿತ್ತು, ಹಳೆಯ ಗುಂಡಿ, ಕೊಳವೆಗಳು ಎಲ್ಲಿವೆ ಎಂದು ಕೇಳಿ, ಒಬ್ಬರು ಅದನ್ನೆಲ್ಲ ಮನೆಯ ನಕ್ಷೆಯ ಮೇಲೆ ಗುರುತು ಹಾಕಿಕೊಳ್ಳಲಿ. ರೋಗಿಯ ಹಳೆಯ ಚೀಟಿಗಳನ್ನು ನೋಡದೆ ಔಷಧಿ ಬರೆಯುವುದು ಹೇಗೋ, ಇದನ್ನು ಕೇಳದೆ ದುರಸ್ತಿಗೆ ಇಳಿಯುವುದೂ ಹಾಗೆಯೇ.

ಕೆಲಸದ ಕ್ರಮದಲ್ಲಿ ನೀರಿಗೆ ಮೊದಲ ಸ್ಥಾನ. ಮಾಡು ಸೋರುವುದು ನಿಂತ ಮೇಲೆ ಗೋಡೆ ಮತ್ತು ಪಾಯ, ಆಮೇಲೆ ತಂತಿ ಮತ್ತು ಕೊಳವೆ, ಅದಾದ ಮೇಲೆ ಗಿಲಾವು ಮತ್ತು ನೆಲ, ಎಲ್ಲಕ್ಕಿಂತ ಕೊನೆಗೆ ಬಣ್ಣ. ಬಂಧುಗಳ ಉತ್ಸಾಹ ಸಾಮಾನ್ಯವಾಗಿ ಬಣ್ಣದಿಂದಲೇ ಆರಂಭವಾಗುತ್ತದೆ, ಏಕೆಂದರೆ ಅದರ ಫಲ ಸಂಜೆಯೊಳಗೆ ಕಾಣುತ್ತದೆ. ಅದನ್ನು ನಯವಾಗಿ ತಡೆಯುವುದು ನಿಮ್ಮ ಹೊಣೆ. ಹೊರಗಿನ ಅಂಗಳದ ಮಣ್ಣು ವರ್ಷಗಳು ಕಳೆದಂತೆ ಏರುತ್ತಾ ಬಂದು ಒಳನೆಲದ ಮಟ್ಟವನ್ನು ಮುಟ್ಟಿದ್ದರೆ, ಗೋಡೆಯ ತೇವಕ್ಕೆ ಅದೇ ಕಾರಣವಾಗಿರಬಹುದು. ಹೊರಗಿನ ನೆಲ ಒಳನೆಲಕ್ಕಿಂತ ಕನಿಷ್ಠ 15 ಸೆಂಟಿಮೀಟರ್ ತಗ್ಗಿನಲ್ಲಿದ್ದು, ಗೋಡೆಯಿಂದ ಆಚೆಗೆ ಇಳಿಜಾರಾಗಿರಬೇಕು. ಈ ಮಣ್ಣು ತೆಗೆಯುವ ಕೆಲಸ ಬಂಧುಗಳಿಗೆ ಹೇಳಿ ಮಾಡಿಸಿದ್ದು, ಆದರೆ ಪಾಯದ ತಳದವರೆಗೆ ಅಗೆಯಬಾರದು. ನೀರಿನ ಮೂಲ ನಿಂತ ಕೂಡಲೇ ಗೋಡೆ ಒಣಗಿಬಿಡುವುದಿಲ್ಲ. ಒಂದು ಅಂಗುಲ ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಕಟ್ಟಡ ಬಲ್ಲವರ ರೂಢಿಯ ಲೆಕ್ಕ; ದಪ್ಪ ಗೋಡೆಗಳ ಮನೆಯಲ್ಲಿ ಇದು ಒಂದು ವರ್ಷವನ್ನೂ ಮೀರಬಹುದು.

ಸಿಮೆಂಟಿನ ವಿಷಯದಲ್ಲಿ ಮಾತ್ರ ಯಾರ ಒತ್ತಾಯಕ್ಕೂ ಮಣಿಯಬೇಡಿ. ಮಣ್ಣು ಅಥವಾ ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ತನ್ನೊಳಗಿನ ತೇವವನ್ನು ಮೇಲ್ಮೈಯ ಮೂಲಕ ಹೊರಬಿಡುತ್ತದೆ. ಅದರ ಮೇಲೆ ಗಟ್ಟಿ ಸಿಮೆಂಟು ಬಳಿದರೆ ಆ ದಾರಿ ಮುಚ್ಚಿಹೋಗಿ, ತೇವ ಇನ್ನೂ ಮೇಲಕ್ಕೆ ಏರುತ್ತದೆ ಇಲ್ಲವೇ ಒಳಗಿನ ಉಪ್ಪಿನೊಡನೆ ಇಟ್ಟಿಗೆಯ ಮುಖವನ್ನೇ ಪದರಪದರವಾಗಿ ಉದುರಿಸುತ್ತದೆ. ಸುಣ್ಣದ ಗಾರೆ ಮೆದುವಾದದ್ದು, ಗೋಡೆಯ ಸಣ್ಣ ಕದಲಿಕೆಗೆ ಹೊಂದಿಕೊಳ್ಳುವಂಥದ್ದು. ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುತ್ತದೆ. ಹಾಗಾಗಿ ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಹುಡುಕಿ, ತೇಪೆಗಳಿಗೂ ಸುಣ್ಣವನ್ನೇ ಬಳಸಿ. ಗಿಲಾವಿನ ಮೇಲೆ ಸುಣ್ಣ ಬಳಿಯುವುದು ಬಂಧುಗಳೆಲ್ಲ ಸೇರಿ ಮಾಡಬಹುದಾದ ಕೆಲಸ. ತೆಳುವಾಗಿ ಹಲವು ಸಲ ಬಳಿಯಬೇಕು, ಒಂದೇ ಸಲ ದಪ್ಪಗೆ ಬಳಿದರೆ ಉದುರುತ್ತದೆ. ಆದರೆ ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕುವುದನ್ನು ಅನನುಭವಿಗಳಿಗೆ ಬಿಡಲೇಬೇಡಿ. ಅದು ಕೊತಕೊತ ಕುದಿದು ಸಿಡಿಯುತ್ತದೆ, ಕಣ್ಣಿಗೆ ಹಾರಿದರೆ ದೃಷ್ಟಿಯೇ ಹೋಗಬಹುದು. ನೀರು ಹಾಕಿ ತಣಿಸಿದ ಸುಣ್ಣವನ್ನು ಕಲಸುವವರಿಗೂ ಕನ್ನಡಕ ಮತ್ತು ಕೈಗವಸು ಬೇಕು.

ಮರದ ತೊಲೆ ಜಂತೆಗಳನ್ನು ಪರೀಕ್ಷಿಸುವಾಗ ನಡುಭಾಗವನ್ನಲ್ಲ, ಗೋಡೆಯೊಳಗೆ ಹೂತಿರುವ ತುದಿಗಳನ್ನು ನೋಡಬೇಕು. ತೇವ ತಗಲುವುದೂ ಕೊಳೆಯುವುದೂ ಅಲ್ಲಿಯೇ ಮೊದಲು. ಬಡಗಿ ಕೆಲಸ ಬಲ್ಲ ನಮ್ಮ ಹಿರಿಯರೊಬ್ಬರು ಏಣಿ ಹತ್ತಿ, ಪ್ರತಿ ತೊಲೆಯನ್ನೂ ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರು. ಗಟ್ಟಿ ಮರ ಟಣ್ಣೆನ್ನುತ್ತಿತ್ತು, ಗೆದ್ದಲು ತಿಂದದ್ದು ಬೊದ್ದೆನ್ನುತ್ತಿತ್ತು. ಅನುಮಾನ ಬಂದಲ್ಲಿ ಸ್ಕ್ರೂಡ್ರೈವರ್ ಚುಚ್ಚಿ ನೋಡಿದರು. ಒಂದು ತೊಲೆ ಹೊರಗಿನಿಂದ ನುಣುಪಾಗಿಯೇ ಇದ್ದರೂ ಅದರ ತುದಿಯಲ್ಲಿ ಅಲಗು ಹಿಡಿಯವರೆಗೂ ಒಳಕ್ಕಿಳಿಯಿತು. ಇಷ್ಟು ಪರೀಕ್ಷೆಯನ್ನು ಮನೆಯವರೇ ಮಾಡಬಹುದು. ಕೆಟ್ಟ ತೊಲೆಯನ್ನು ಆನಿಸಿ ನಿಲ್ಲಿಸಿ ಬದಲಿಸುವುದು ಮಾತ್ರ ಕಸುಬುದಾರರ ಕೆಲಸ. ಇಡೀ ತೊಲೆಯನ್ನು ಎಸೆಯದೆ, ಕೊಳೆತ ತುದಿಯನ್ನಷ್ಟೇ ಕತ್ತರಿಸಿ ಹೊಸ ಮರ ಬೆಸೆಯುವುದೂ ಸಾಧ್ಯವಿದೆ. ಬಡಗಿಯನ್ನು ಅದರ ಬಗ್ಗೆ ಕೇಳಿ ನೋಡಿ. 1979ರಲ್ಲಿ ಆಸ್ಟ್ರೇಲಿಯಾದ ಬುರ್ರಾ ಎಂಬ ಊರಿನಲ್ಲಿ ಅಂಗೀಕೃತವಾಗಿ, ಪಾರಂಪರಿಕ ಕಟ್ಟಡಗಳ ರಕ್ಷಣೆಯಲ್ಲಿ ಇಂದಿಗೂ ಮಾನ್ಯವಾಗಿರುವ ಬುರ್ರಾ ಸನ್ನದು ಹೇಳುವುದೂ ಇದನ್ನೇ: ಅಗತ್ಯವಿರುವಷ್ಟನ್ನು ಮಾಡಬೇಕು, ಮಿಕ್ಕಂತೆ ಆದಷ್ಟು ಕಡಿಮೆ ಬದಲಿಸಬೇಕು. ಸಾಮಾನ್ಯರ ಮನೆಗೂ ಇದಕ್ಕಿಂತ ಒಳ್ಳೆಯ ಸೂತ್ರ ನನಗೆ ಕಂಡಿಲ್ಲ.

ಇನ್ನು ಬಂಧುಗಳ ಕೈಗೆ ಧಾರಾಳವಾಗಿ ಒಪ್ಪಿಸಬಹುದಾದದ್ದು ಬಿಚ್ಚುವ, ವಿಂಗಡಿಸುವ ಮತ್ತು ಶುಚಿಗೊಳಿಸುವ ಕೆಲಸ. ದಿನಗೂಲಿಗೆ ಬಂದವರಿಗೆ ಹಳೆಯ ಕದವನ್ನು ನಾಜೂಕಾಗಿ ಬಿಚ್ಚುವಷ್ಟು ವ್ಯವಧಾನವಿರುವುದಿಲ್ಲ, ಅದಕ್ಕೆ ಅವರನ್ನು ದೂರುವಂತೆಯೂ ಇಲ್ಲ. ಮನೆಯವರಿಗೆ ಆ ಕದದ ಮೇಲೆ ಮಮತೆಯಿರುತ್ತದೆ. ಪ್ರತಿ ಕದಕ್ಕೂ ಕಿಟಕಿಗೂ ಸಂಖ್ಯೆ ಕೊಟ್ಟು, ಬಿಚ್ಚುವ ಮೊದಲು ಚಿತ್ರ ತೆಗೆದು, ಅದರ ಕೀಲು, ಚಿಲಕ, ಸ್ಕ್ರೂಗಳನ್ನು ಅದೇ ಸಂಖ್ಯೆಯ ಚೀಲದಲ್ಲಿ ಹಾಕಿ ಆ ಕದಕ್ಕೇ ಕಟ್ಟಿಡಿ. ಸೀಮೆಸುಣ್ಣದ ಗುರುತು ಅಳಿಸಿಹೋಗುತ್ತದೆ. ಕಾಣದ ಅಂಚಿನಲ್ಲಿ ಉಳಿಯಿಂದ ಸಣ್ಣ ಗೀರು ಹಾಕುವುದು ಮೇಲು. ಸುಣ್ಣದ ಗಾರೆಯಲ್ಲಿದ್ದ ಇಟ್ಟಿಗೆಗಳನ್ನು ಮೊಂಡು ಅಲಗಿನಿಂದ ಕೆರೆದು ಮತ್ತೆ ಬಳಸಬಹುದು, ಸಿಮೆಂಟಿನಲ್ಲಿ ಕೂಡಿಸಿದವು ಬಿಡಿಸುವಾಗಲೇ ಒಡೆಯುತ್ತವೆ. ಬಗ್ಗಲಾಗದ ವಯಸ್ಸಿನವರು ಕುಳಿತುಕೊಂಡೇ ಕೀಲುಗಳ ತುಕ್ಕು ತೆಗೆದು ಎಣ್ಣೆ ಹಚ್ಚಬಹುದು. ನಾಳೆ ಯಾರು ಬರುತ್ತಾರೆ, ಅವರಿಗೆ ಯಾವ ಕೆಲಸ, ಅದಕ್ಕೆ ಉಪಕರಣ ಸಿದ್ಧವಿದೆಯೇ ಎಂಬುದು ಹಿಂದಿನ ರಾತ್ರಿಯೇ ನಿರ್ಧಾರವಾಗಿರಬೇಕು. ಇಲ್ಲವಾದರೆ ಹತ್ತು ಜನ ಬಂದರೂ ಇಬ್ಬರು ದುಡಿದು ಎಂಟು ಜನ ಸಲಹೆ ಕೊಡುತ್ತಾ ನಿಲ್ಲುವಂತಾಗುತ್ತದೆ.

ಅಪಾಯದ ಕೆಲಸಗಳನ್ನೂ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಯಾವ ಗೋಡೆ ಭಾರ ಹೊತ್ತಿದೆ ಎಂದು ಎಂಜಿನಿಯರ್ ನೋಡಿ ಹೇಳುವವರೆಗೆ ಯಾವ ಗೋಡೆಗೂ ಸುತ್ತಿಗೆ ಹಾಕಬಾರದು. 5 ಮಿಲಿಮೀಟರ್‌ಗಿಂತ ಅಗಲವಾದ, ಅಥವಾ ಅಂಚುಗಳಲ್ಲಿ ಗೆರೆ ಎಳೆದು ದಿನಾಂಕ ಬರೆದಿಟ್ಟು ಗಮನಿಸಿದಾಗ ಅಗಲವಾಗುತ್ತಿರುವ ಬಿರುಕುಗಳನ್ನೂ ಅವರಿಗೆ ತೋರಿಸಬೇಕು. ಕಲ್ನಾರಿನ (ಆಸ್ಬೆಸ್ಟಾಸ್) ಶೀಟುಗಳಿದ್ದರೆ ಅವನ್ನು ಒಡೆಯುವುದು, ಕೊರೆಯುವುದು, ಅದರ ಪುಡಿಯನ್ನು ಒದ್ದೆ ಮಾಡದೆ ಗುಡಿಸುವುದು ಕೂಡದು; ಆ ಎಳೆಗಳು ಶ್ವಾಸಕೋಶಕ್ಕೆ ಸೇರಿದರೆ ಹಲವು ದಶಕಗಳ ನಂತರ ಕ್ಯಾನ್ಸರ್ ಬರಬಹುದು, ಆದ್ದರಿಂದ ಅದನ್ನು ತೆಗೆಯಲು ತರಬೇತಿ ಪಡೆದವರೇ ಬೇಕು. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುವ ಸಂಭವ ಹೆಚ್ಚು. ಸೀಸಕ್ಕೆ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಕದ ಕಿಟಕಿಗಳ ಬಣ್ಣವನ್ನು ಒಣದಾಗಿ ಉಜ್ಜಿ ಧೂಳೆಬ್ಬಿಸದೆ, ಒದ್ದೆ ಮಾಡಿ ಕೆರೆಯಬೇಕು, ಮಕ್ಕಳನ್ನೂ ಗರ್ಭಿಣಿಯರನ್ನೂ ಆ ಕಡೆಗೆ ಬಿಡಬಾರದು. ಏಣಿಯನ್ನು ಪ್ರತಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಗೋಡೆಯಿಂದ ದೂರ ಊರಬೇಕು. ಮಾಡಿನ ಮೇಲೆ ಹತ್ತುವ ಕೆಲಸವನ್ನು ಬಂಧುಗಳಿಗೆ ಕೊಡಲೇಬೇಡಿ.

ತೀರ್ಮಾನ ತೆಗೆದುಕೊಳ್ಳುವವರು ಒಬ್ಬರೇ ಇರಲಿ. ಎಲ್ಲರ ಅಭಿಪ್ರಾಯ ಕೇಳುವುದಕ್ಕೆ ವಾರಕ್ಕೊಂದು ಹೊತ್ತು ಇಟ್ಟುಕೊಳ್ಳಿ, ಆದರೆ ಕೆಲಸ ನಡೆಯುತ್ತಿರುವಾಗ ಮೇಸ್ತ್ರಿಗೆ ಸೂಚನೆ ಕೊಡುವ ಬಾಯಿ ಒಂದೇ ಆಗಿರಬೇಕು. ಖರ್ಚಿನ ಪುಸ್ತಕ ಮಾತ್ರ ಇನ್ನೊಬ್ಬರ ಕೈಯಲ್ಲಿದ್ದು, ಯಾರು ಬೇಕಾದರೂ ತೆರೆದು ನೋಡುವಂತಿರಲಿ. ಅಂದಾಜಿನ ಮೇಲೆ ಶೇಕಡಾ 20ರಷ್ಟು ಹಣವನ್ನು ಪ್ರತ್ಯೇಕವಾಗಿ ತೆಗೆದಿಡಿ, ಏಕೆಂದರೆ ಹಳೆಯ ಮನೆಯಲ್ಲಿ ಗಿಲಾವು ಕಿತ್ತ ಮೇಲೆಯೇ ನಿಜವಾದ ಕೆಲಸ ಎಷ್ಟಿದೆ ಎಂಬುದು ತಿಳಿಯುತ್ತದೆ.

ವಿದ್ಯುತ್ ಕೆಲಸ ಬಲ್ಲ ನಿಮ್ಮ ಚಿಕ್ಕಪ್ಪನ ಮಗನಿಗೆ ಹಣ ಕೊಡಿ ಎಂಬುದೇ ನನ್ನ ಖಚಿತ ಸಲಹೆ. ಅವನಿಗೆ ಪರವಾನಗಿ ಇದ್ದರೆ ಮಾತ್ರ ಕೆಲಸ ಒಪ್ಪಿಸಿ, ಒಪ್ಪಿಸಿದರೆ ಹೊರಗಿನವರಿಗೆ ಕೊಡುವಷ್ಟೇ ಕೊಡಿ. ರಜೆಯ ದಿನ ಮಣ್ಣು ಹೊರುವುದು ನೆರವು. ತನ್ನ ಜೀವನೋಪಾಯದ ವಿದ್ಯೆಯನ್ನು ವಾರಗಟ್ಟಲೆ ಸುರಿಯುವುದು ದುಡಿಮೆ. ಪುಕ್ಕಟೆ ಮಾಡಿಸಿಕೊಂಡರೆ, ಇದು ಸರಿಯಾಗಿಲ್ಲ, ಬಿಚ್ಚಿ ಮತ್ತೆ ಮಾಡು ಎಂದು ಹೇಳಲು ನಿಮಗೆ ನಾಲಿಗೆ ಏಳುವುದಿಲ್ಲ, ಮತ್ತು ವಿದ್ಯುತ್ತಿನ ವಿಷಯದಲ್ಲಿ ಆ ದಾಕ್ಷಿಣ್ಯ ತರವಲ್ಲ. ಹಳೆಯ ರಬ್ಬರ್ ಹೊದಿಕೆಯ ತಂತಿಗಳು ಮುಟ್ಟಿದರೆ ಪುಡಿಯಾಗುವಷ್ಟು ಒಣಗಿರುತ್ತವೆ. ಅವಕ್ಕೆ ತೇಪೆ ಹಾಕದೆ ಪೂರ್ತಿ ಹೊಸ ತಂತಿ ಎಳೆಯಿಸಿ, ಅರ್ಥಿಂಗ್ ಪರೀಕ್ಷಿಸಿ, 30 ಮಿಲಿಆಂಪಿಯರ್ ಸೋರಿಕೆಗೆ ವಿದ್ಯುತ್ ಕಡಿತಗೊಳಿಸುವ ಸಾಧನವನ್ನು ಅಳವಡಿಸಲು ಹೇಳಿ. ಹಣ ಬೇಡವೆಂದು ಅವನು ಹಟ ಹಿಡಿದರೂ ಸಾಮಗ್ರಿಯ ಬಿಲ್ಲನ್ನು ಅವನ ಜೇಬಿಗೆ ಬಿಡಬೇಡಿ, ಹಾಗೂ ಕೆಲಸ ಮುಗಿದ ಮೇಲೆ ಅದನ್ನು ಬೇರೊಬ್ಬ ಪರವಾನಗಿದಾರರಿಂದ ಪರೀಕ್ಷಿಸಲಾಗುವುದೆಂದು ಆರಂಭದಲ್ಲಿಯೇ ತಿಳಿಸಿಬಿಡಿ. ಗಿಲಾವು ಮುಚ್ಚುವ ಮೊದಲು ಗೋಡೆಯೊಳಗಿನ ತಂತಿ, ಕೊಳವೆಗಳ ಚಿತ್ರಗಳನ್ನು ಅಳತೆಪಟ್ಟಿ ಇಟ್ಟು ತೆಗೆಯಲು ಅವನಿಗೇ ಹೇಳಿ, ಅದರ ಪ್ರತಿಯನ್ನು ಪಾಲುದಾರರ ಪ್ರತಿ ಮನೆಗೂ ಕೊಡಿ.