ಬ್ರೂಮ್‌ಸ್ಟಿಕ್ ಲೇಸ್ ಕ್ರೋಶೆ ಹೊಸಬರಿಗೆ ಕಷ್ಟವೇ? ಹೇಗೆ ಶುರು ಮಾಡಬೇಕು?

ಕ್ರೋಶೆ ಅಂದರೆ ಹುಕ್ (ಕೊಕ್ಕೆ ಕಡ್ಡಿ) ಬಳಸಿ ನೂಲು ಹೆಣೆಯುವುದು. ಅದರಲ್ಲಿ ಚೈನ್ (ಕುಣಿಕೆಗಳ ಸರಪಳಿ), ಸಿಂಗಲ್ ಕ್ರೋಶೆ (ಗಿಡ್ಡನೆಯ ಮೂಲ ಹೊಲಿಗೆ) ಎರಡೂ ಗೊತ್ತಿದ್ದರೆ ಸಾಕು, ಖಂಡಿತ ಬರುತ್ತದೆ. ಪೊರಕೆ ಹಿಡಿಯಂಥ ದಪ್ಪ ಕೋಲಿಗೆ ಕುಣಿಕೆ ಏರಿಸುವುದರಿಂದ ಈ ಹೆಸರು. 25 ಮಿ.ಮೀ. ನಿಟ್ಟಿಂಗ್ ಕಡ್ಡಿ ಅಥವಾ ನುಣುಪಾದ ಮರದ ಕೋಲು ಇಟ್ಟುಕೊಳ್ಳಿ. ನೂಲು ತಿಳಿ ಬಣ್ಣದ್ದಿರಲಿ, ಹೊಲಿಗೆ ಚೆನ್ನಾಗಿ ಕಾಣುತ್ತದೆ.

21 ಚೈನ್ ಹಾಕಿ, ಅದರ ಮೇಲೆ 20 ಸಿಂಗಲ್ ಕ್ರೋಶೆ ಮಾಡಿ. ಈಗ ಕೆಲಸವನ್ನು ತಿರುಗಿಸಬೇಡಿ! ಹುಕ್ಕಿನಲ್ಲಿರುವ ಕುಣಿಕೆಯನ್ನು ಉದ್ದಕ್ಕೆ ಎಳೆದು ಕೋಲಿಗೆ ಹಾಕಿ. ಎಡದಿಂದ ಬಲಕ್ಕೆ ಹೋಗುತ್ತಾ ಉಳಿದ ಒಂದೊಂದು ಹೊಲಿಗೆಯಿಂದಲೂ ಒಂದು ಕುಣಿಕೆ ಎಳೆದು ಏರಿಸಿ. ಒಟ್ಟು 20.

ವಾಪಸ್ ಬರುವಾಗ 5 ಕುಣಿಕೆಗಳನ್ನು ಒಟ್ಟಿಗೆ ಹಿಡಿದು ಹುಕ್ ತೂರಿಸಿ, ನೂಲು ಎಳೆದು 1 ಚೈನ್ ಹಾಕಿ. ಅದೇ ಕಣ್ಣಿನೊಳಗೆ 5 ಸಿಂಗಲ್ ಕ್ರೋಶೆ. ಮುಂದಿನ ಗುಂಪುಗಳಿಗೆ ಚೈನ್ ಬೇಡ. ಐದೂ ಎಳೆ ಸುಳಿಯಂತೆ ಒಂದೇ ಕಡೆ ಬಾಗಿ ನವಿಲುಗರಿಯ ಕಣ್ಣಿನ ಹಾಗೆ ಮೂಡುತ್ತದೆ, ಅದನ್ನು ನೋಡುವುದೇ ಒಂದು ಖುಷಿ.

ನನ್ನ ಮೊದಲ ತುಂಡು ಸಾಲು ಸಾಲಿಗೂ ಕಿರಿದಾಗುತ್ತಾ ಹೋಗಿತ್ತು. ಅಂಚಿನ ಹೊಲಿಗೆ ತಪ್ಪಿಹೋಗುತ್ತಿತ್ತು, ಅಷ್ಟೇ. ಅದಕ್ಕೇ ಪ್ರತಿ ಸಲ ಕೋಲಿನ ಮೇಲಿನ ಕುಣಿಕೆ ಎಣಿಸಿ. ಕುಣಿಕೆಯನ್ನು ಜಾಸ್ತಿ ಬಿಗಿ ಎಳೆಯಬೇಡಿ. ಬ್ರಿಟಿಷ್ ಪ್ಯಾಟರ್ನ್‌ಗಳಲ್ಲಿ ಇದೇ ಸಿಂಗಲ್ ಕ್ರೋಶೆಗೆ ಡಬಲ್ ಕ್ರೋಶೆ ಅನ್ನುತ್ತಾರೆ, ಗಮನವಿರಲಿ.